ಕ್ಲಬ್ಬಿನ ಮಾಡು ಹತ್ತಿದ ಮೂಸಬ್ಬ

ಬ್ರಿಟಿಷರು ಕಟ್ಟಿಸಿದ ಆ ಕ್ಲಬ್ಬಿನ ಮಾಡು ಹತ್ತಿ ಒಡೆದ ಹಂಚು ಬದಲಿಸುವುದು ಉಳ್ಳಾಲದ ಮೂಸಬ್ಬನ ಕೆಲಸ. ಅವನ ಅಜ್ಜನ ಕಾಲದಲ್ಲಿ ಊರಿನವರಿಗೆ ಮುಂಬಾಗಿಲು ನಿಷಿದ್ಧವಾಗಿತ್ತು. ದೊರೆಗಳು ಹೋದರೂ ಮೂಸಬ್ಬನ ಏಣಿ ಹಿಂಬದಿಯಲ್ಲೇ ಉಳಿಯಿತು. ಪ್ರತಿ ಮಳೆಗಾಲದ ಮೊದಲು ಹಂಚು ಸರಿಸಿದ ಕಿಂಡಿಯಿಂದ ಅವನು ಒಳಗಿನ ಬಿಲಿಯರ್ಡ್ಸ್ ಆಟ ನೋಡುತ್ತಿದ್ದ. ಮೇಜಿಗೆ ಬಗ್ಗಿದವರು ಯಾರೂ ತಲೆಯೆತ್ತುತ್ತಿರಲಿಲ್ಲ.

ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಅವನಿಗೊಂದು ಸನ್ಮಾನ ಇಟ್ಟರು. ಮೊದಲ ಸಲ ಮುಂಬಾಗಿಲಿನಿಂದ ಬಂದ ಮೂಸಬ್ಬ ವೇದಿಕೆಯಲ್ಲಿ ಮುದುಡಿ ಕುಳಿತ.

"ನನ್ನ ಗುರ್ತ ಉಂಟಲ್ಲ ಮೂಸಬ್ಬ? ಎಷ್ಟು ವರ್ಷದಿಂದ ಇಲ್ಲೇ ಆಡ್ತೇನೆ ಮಾರಾಯ!" ಎಂದರು ಅಧ್ಯಕ್ಷ ಹರಿದಾಸ ರಾಯರು.

ಮುಖವನ್ನು ಎಷ್ಟು ನೋಡಿದರೂ ಅವನಿಗೆ ಗುರುತು ಹತ್ತಲಿಲ್ಲ. ರಾಯರು ಶಾಲು ಹೊದಿಸಲು ಬಗ್ಗಿದರು. ನಡುವೆ ಮಚ್ಚೆಯಿದ್ದ ಬೋಳು ನೆತ್ತಿ ಕಂಡದ್ದೇ ಮೂಸಬ್ಬ ಅರಳಿದ.

"ಓ, ನೀವಾ ಸರ್! ಈಗ ಗುರ್ತ ಸಿಕ್ಕಿತು."