ರೇಡಿಯೊ ಪೆಟ್ಟಿಗೆಯಲ್ಲಿ ಗಿಟಾರು

ತೀರ್ಥಹಳ್ಳಿಯ ಆ ರೇಡಿಯೊ ರಿಪೇರಿಯವರು ಯಾವ ಸೆಟ್ಟಿನ ಸದ್ದನ್ನೂ ಅಂಗಡಿಯಲ್ಲಿ ಕೂತು ಪರೀಕ್ಷಿಸಿದವರಲ್ಲ. ರಸ್ತೆ ದಾಟಿ ಹೋಗಿ, ಕಿವಿಯ ಹಿಂದೆ ಅಂಗೈ ಇಟ್ಟು ನಿಲ್ಲುತ್ತಿದ್ದರು.

ಸೋಪಿನ ಡಬ್ಬಿಯಲ್ಲಿ ನಾನೇ ಜೋಡಿಸಿದ್ದ ಗಿಟಾರಿನ ಪುಟ್ಟ ಆಂಪ್ಲಿಫೈಯರನ್ನು ಅವರ ಮುಂದಿಟ್ಟೆ. ಕಾಲೇಜಿನ ಕಾರ್ಯಕ್ರಮಕ್ಕೆ ಎರಡೇ ದಿನವಿತ್ತು. ಜೊತೆಗಾರನ ಚೆಂಡೆಯೆದುರು ನನ್ನ ಗಿಟಾರು ಇದ್ದೂ ಇಲ್ಲದಂತಿತ್ತು.

“ಸದ್ದು ಜೋರಾಗೋ ಹಾಗೆ ದೊಡ್ಡ ಐಸಿ ಹಾಕಿಕೊಡಿ ಮಾಮ.”

“ಸ್ವರ ಇದೆ ಮಾರಾಯ್ತಿ, ಅದ್ಕೆ ಮನೆ ಇಲ್ಲ.”

ಹಳೆಯ ದೊಡ್ಡ ಸ್ಪೀಕರೊಂದಕ್ಕೆ ತಂತಿ ಬೆಸೆದು ರಟ್ಟಿನ ಡಬ್ಬಿಯಲ್ಲಿ ಕೂರಿಸಿದರು. ನನಗೆ ನುಡಿಸಲು ಹೇಳಿ ರಸ್ತೆ ದಾಟಿದರು, ಸಾಲದೆಂದು ತಲೆಯಾಡಿಸುತ್ತ ಮರಳಿದರು. ತಗಡಿನ ಡಬ್ಬಿಯಾಯಿತು. “ಮನೆ ಇಲ್ಲ.” ಕೊನೆಗೆ, ಮೂಲೆಯಲ್ಲಿ ಹಾಡುತ್ತಿದ್ದ ತಮ್ಮದೇ ರೇಡಿಯೊ ಬಂದ್ ಮಾಡಿ, ಅದರ ಮರದ ಪೆಟ್ಟಿಗೆಯನ್ನು ಬರಿದು ಮಾಡತೊಡಗಿದರು. ಅಯ್ಯೋ ಬೇಡವೆಂದೆ.

“ವಾರ್ತೆ ಫೋನಲ್ಲಿ ಬರ್ತದೆ.” ಸ್ಪೀಕರನ್ನು ಆ ಪೆಟ್ಟಿಗೆಯೊಳಗೆ ಕೂರಿಸಿದರು. “ನೀ ನುಡ್ಸು, ನಿಲ್ಲಿಸ್ಬೇಡ.”

ನುಡಿಸಿದೆ. ರಸ್ತೆ ದಾಟಿ ಎದುರಿನ ಹೋಟೆಲಿನ ಒಳಗೆ ಹೋದ ಮಾಮ ಬರಲೇ ಇಲ್ಲ. ಬೆರಳು ಉರಿದರೂ ನಾನು ನಿಲ್ಲಿಸಲಿಲ್ಲ. ಅಂತೂ ಬಾಯೊರೆಸಿಕೊಳ್ಳುತ್ತ ಬಂದರು.

“ಕೇಳ್ತಾ ಮಾಮ?”

“ಎರಡು ಬನ್ಸ್ ತಿಂದೆ, ಕಾಫಿ ಕುಡ್ದೆ, ಅಷ್ಟೊತ್ತೂ ಕೇಳ್ತಿತ್ತು. ಇನ್ನೊಂದು ಬನ್ಸ್ ಹೇಳ್ತಿದ್ದೆ, ನಿನ್ ಬೆರಳು ನೆನಪಾಯ್ತು.”