ಜೈತುನ್ಬೀಯ ಕಣ್ಣೀರು

ಕರುಣಾ ವಾಡಿ ಊರಿನವಳು. ಆರು ವರ್ಷ ಸ್ಟೇಷನ್ ರಸ್ತೆಯ ಸ್ಟುಡಿಯೊದಲ್ಲಿದ್ದುಕೊಂಡು ಮದುವೆ ಫೋಟೊ ತೆಗೆದು, ಬೇಸತ್ತು, ಸ್ವಂತ ಕ್ಯಾಮೆರಾ ಕೊಂಡು ಹೊರಬಿದ್ದವಳು. ಈಗ ಪತ್ರಿಕೆಯವರು ಕೇಳಿದಾಗ ಚಿತ್ರ ಕಳಿಸುತ್ತಾಳೆ. ಕೇಳದಿದ್ದಾಗಲೂ ಸೇಡಂ, ಚಿಂಚೋಳಿ ಬಸ್ಸು ಹತ್ತಿ ಹೋಗಿ ಜನ ದುಡಿಯುವುದನ್ನು ತೆಗೆಯುತ್ತಾಳೆ. ಇದೆಂಥ ನೌಕರಿಯೋ ಅವಳವ್ವ ಯಂಕಮ್ಮನಿಗೆ ಇನ್ನೂ ತಿಳಿದಿಲ್ಲ. ಯಾರಾದರೂ ಕೇಳಿದರೆ, ಮಗಳು ಪೇಪರಿನಲ್ಲಿದ್ದಾಳೆ ಎಂದುಬಿಡುತ್ತಾಳೆ.

ಹೋದ ಬೇಸಿಗೆಯಲ್ಲಿ ಕರುಣಾ ಶಹಾಬಾದದ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮೂರು ದಿನ ಕಳೆದಳು. ಅಲ್ಲಿ ಕಲ್ಲು ಹೊರುವ ಜೈತುನ್ಬೀ ಬುತ್ತಿ ಬಿಚ್ಚುವ ಹೊತ್ತಿಗೆ ಗಾಳಿ ಬೀಸಿ ಕಣ್ಣಿಗೆ ದೂಳು ಬಿತ್ತು. ಆಕೆ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಂತೆ ಕರುಣಾ ಚಿತ್ರ ತೆಗೆದಳು. ಮರುಗಳಿಗೆಯಲ್ಲೇ ಜೈತುನ್ಬೀ ನಕ್ಕು, ರೊಟ್ಟಿ ಮುರಿದು ಅರ್ಧ ಇವಳ ಕೈಗಿಟ್ಟಳು.

ಎರಡು ತಿಂಗಳಿಗೆ ಬೆಂಗಳೂರಿನ ಮಾಸಪತ್ರಿಕೆಯೊಂದರಲ್ಲಿ ಆ ಚಿತ್ರ ಪುಟದ ತುಂಬ ಬಂತು. ಅದರಡಿಯ ಸಾಲನ್ನು ಕರುಣಾ ಎರಡು ಸಲ ಓದಿದಳು: 'ಕಲ್ಲಿನ ಗಣಿಯಲ್ಲಿ ಗಂಡನನ್ನು ಕಳೆದುಕೊಂಡವಳ ಕಣ್ಣೀರು.' ಅವಳು ಬರೆದು ಕಳಿಸಿದ್ದು 'ಶಹಾಬಾದದಲ್ಲಿ ಊಟದ ಹೊತ್ತು' ಎಂದಷ್ಟೇ. ಫೋನ್ ಮಾಡಿದರೆ ಸಂಪಾದಕರು, ಆಕೆಗೆ ಗಂಡನಿಲ್ಲ ಎಂದು ಆವತ್ತು ಫೋನಿನಲ್ಲಿ ನೀವೇ ಹೇಳಿದ್ದಿರಲ್ಲ, ಉಳಿದದ್ದನ್ನು ನಮ್ಮವರು ಊಹಿಸಿರಬೇಕು ಎಂದರು. ತಿದ್ದುಪಡಿ ಬರೆದುಕೊಟ್ಟರೆ ಹಾಕುತ್ತೇವೆ ಎಂದೂ ಹೇಳಿದರು. ಬರೆಯುವ ಮೊದಲು ಜೈತುನ್ಬೀಗೆ ತಿಳಿಸಬೇಕೆಂದು ಕರುಣಾ ಪತ್ರಿಕೆ ಹಿಡಿದು ಆಕೆಯ ಮನೆಗೆ ಹೋದಳು.

ಜೈತುನ್ಬೀ ಚಾ ಕೊಟ್ಟು, ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಕೆಳಗೇನು ಬರೆದಿದ್ದಾರೆ ಎಂದು ಕೇಳಿದಳು. ಕರುಣಾ ಇದ್ದದ್ದನ್ನು ಇದ್ದಂತೆ ಓದಿ, ತಪ್ಪಾಗಿದೆ, ತಿದ್ದಿಸುತ್ತೇನೆ ಎಂದಳು. ಜೈತುನ್ಬೀಯ ಗಂಡ ತೀರಿಕೊಂಡದ್ದು ಹನ್ನೊಂದು ವರ್ಷದ ಹಿಂದೆ, ಮನೆಯಲ್ಲಿ, ಜ್ವರ ಬಂದು.

ಜೈತುನ್ಬೀ ಚಿತ್ರದ ಮೇಲೆ ಬೆರಳಾಡಿಸಿದಳು. ಆಮೇಲೆ ಹೇಳಿದಳು: "ಅವರು ಹೋದ ದಿನ ನಾ ಅತ್ತೇ ಇಲ್ಲ ಬೇಟಿ. ಅತ್ತರ ಮಕ್ಕಳು ಅಂಜತಾವ ಅಂತ ಸುಮ್ಮ ಕುಂತಿದ್ದೆ. ಈ ಫೋಟೊದಾಗರ ಅವರ ಸಲುವಾಗಿ ಅತ್ತಂಗ ಕಾಣ್ಸತದ. ಇರಲಿ ಬಿಡು."

"ಆದ್ರ ನಿಮ್ಮ ಕಣ್ಣಾಗ ದೂಳು ಬಿದ್ದಿತ್ತಲ್ಲಮ್ಮ."

"ದೂಳು ಬಿದ್ದಿದ್ದೂ ಖರೆ. ಅವರು ಹೋಗಿದ್ದೂ ಖರೆ."

ಪುಟವನ್ನು ಜೈತುನ್ಬೀ ಇಟ್ಟುಕೊಂಡಳು. ಮನೆಗೆ ಬಂದು ಕರುಣಾ ತಿದ್ದುಪಡಿ ಬರೆಯಲು ಕುಳಿತಳು. ಆಕೆಯ ಗಂಡ ಸತ್ತದ್ದು ಗಣಿಯಲ್ಲಲ್ಲ, ಜ್ವರದಿಂದ ಎಂಬುದು ಸರಾಗವಾಗಿ ಬಂತು. ಅದು ಕಣ್ಣೀರಲ್ಲ, ದೂಳು ಎಂಬ ಸಾಲನ್ನು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಕೊನೆಗೆ ಅದನ್ನು ಬಿಟ್ಟು ಕಳಿಸಿದಳು. ಮುಂದಿನ ಸಂಚಿಕೆಯ ಮೂಲೆಯಲ್ಲಿ ಅಷ್ಟೇ ಅಚ್ಚಾಯಿತು. ಓದುವವರಿಗೆ ಮೋಸ ಮಾಡಿದೆನೋ, ಜೈತುನ್ಬೀಯ ಮಾತು ಉಳಿಸಿದೆನೋ ಎಂದು ಅವಳಿಗೆ ಇಂದಿಗೂ ಗೊತ್ತಾಗಿಲ್ಲ.

ಮೊನ್ನೆ ಚಂದ್ರಂಪಳ್ಳಿಯ ಕೆರೆ ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ದೇವಿಂದ್ರ ಎಂಬವರ ಚಿತ್ರ ತೆಗೆದು, ಇದರ ಕೆಳಗೆ ಏನು ಬರೆಯಲಿ ಎಂದು ಅವರನ್ನೇ ಕೇಳಿದಳು. ಅವರು ಅಚ್ಚರಿಯಿಂದ ನೋಡಿದರು.

"ಫೋಟೊ ತೆಗ್ದಾಕಿ ನೀನವ್ವ. ನಂಗೇನ್ ಗೊತ್ತಾಗ್ತದ?"

ಕರುಣಾ ನೋಟ್‌ಬುಕ್ ತೆರೆದು ಅವರ ಹೆಸರು ಬರೆದಳು, ಊರು ಬರೆದಳು. ಮುಂದೆ ಪೆನ್ನು ಓಡಲಿಲ್ಲ.