ಅವಳ ಕಾಲಿಗೆ ಎಟುಕಿದ ಕಾರು

ಹಳೆಯ ಕಾರುಗಳ ಪರವಾಗಿ ನಾನು ಆಡಿದಷ್ಟು ಜಗಳವನ್ನು ಚಳ್ಳಕೆರೆಯಲ್ಲಿ ಬೇರೆ ಯಾರೂ ಆಡಿರಲಾರರು. ನನ್ನದು ವಾಹನಗಳ ಬಿಡಿಭಾಗದ ಅಂಗಡಿ. ಪಕ್ಕದಲ್ಲೇ ಬಾಲ್ಯದ ಗೆಳೆಯನ ಗ್ಯಾರೇಜು. ಅವನು ಮನೆಯಲ್ಲಿ ಉರ್ದು ಆಡುತ್ತಾನೆ, ನನ್ನ ಜೊತೆ ಕನ್ನಡ, ಬಿಚ್ಚಲು ಬಾರದ ನಟ್ಟಿನ ಜೊತೆ ಎರಡನ್ನೂ ಬೆರೆಸಿ. ನಮ್ಮದು ಕುರಿ ಕಾಯುವ ಮನೆತನ. "ಹಟ್ಟಿ ತುಂಬ ಕುರಿ ಐದಾವೆ, ಇವನು ಮಾತ್ರ ತಗಡಿನ ಹಿಂದೆ ಹೋಗ್ತಾನೆ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ನನ್ನ ಮೊದಲ ಕಾರು ಬಿಳಿ ಅಂಬಾಸಿಡರ್. ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ಬಹಳ ವರ್ಷ ಓಡಿಸಿದ್ದನ್ನು ನನ್ನ ಮದುವೆಯ ಹೊಸತರಲ್ಲಿ ಕೊಂಡಿದ್ದೆ. ಬಿಸಿಲಿಗೆ ಕಾದ ರೆಕ್ಸಿನ್ನಿಗೂ ಹಿಂದಿನ ಸೀಟಿನಲ್ಲಿ ಎಂದೋ ಚೆಲ್ಲಿದ ಶೇಂಗಾ ಎಣ್ಣೆಗೂ ಸೇರಿ ಅದಕ್ಕೊಂದು ವಾಸನೆ ಇತ್ತು. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ಗೇರಿನ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇದ್ದುದರಿಂದ ಗಂಡ ಹೆಂಡಿರ ನಡುವೆ ಅಡ್ಡವೇನೂ ಇರುತ್ತಿರಲಿಲ್ಲ. ಹೆಂಡತಿಯ ತವರು ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯುವ ಮನೆ. ಅಲ್ಲಿಗೆ ಹೊರಟಾಗ ಅವಳು ಬಾಗಿಲಿನ ಕಡೆ ಒತ್ತಿ ಕುಳಿತಿರುತ್ತಿದ್ದಳು. ತಳಕು ದಾಟುವಷ್ಟರಲ್ಲಿ ರಸ್ತೆಯ ಗುಂಡಿಗಳು ಅವಳನ್ನು ನನ್ನ ಭುಜದ ತನಕ ತಂದು ಬಿಟ್ಟಿರುತ್ತಿದ್ದವು. ನಾನೂ ಗುಂಡಿಗಳನ್ನು ತಪ್ಪಿಸಲು ಅಷ್ಟೇನೂ ಪ್ರಯತ್ನಪಡುತ್ತಿರಲಿಲ್ಲ.

ಒಂದು ದಿನ ಅವಳು ಕೇಳಿದಳು, "ರೀ, ನನಗೂ ಕಲಿಸ್ತೀರಾ?"

ನನಗೆ ಹಿಗ್ಗು. ದೊಡ್ಡಉಳ್ಳಾರ್ತಿಯ ಕಾವಲಿಗೆ ಕರೆದುಕೊಂಡು ಹೋದೆ. ಆಗ ಅಲ್ಲಿ ಬೇಲಿಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಹುಲ್ಲು, ಅಲ್ಲೊಂದು ಇಲ್ಲೊಂದು ಕುರಿ ಹಿಂಡು. ಡಿಕ್ಕಿ ಹೊಡೆಯಬೇಕೆಂದರೂ ಮರವನ್ನು ಹುಡುಕಿಕೊಂಡು ಹೋಗಬೇಕು. ಆದರೆ ಅವಳು ಗಿಡ್ಡ ಆಳು. ಬೆನ್ನಿಗೆ ದಿಂಬು ಕೊಟ್ಟೆ, ಅದರ ಹಿಂದೆ ಮಡಚಿದ ಕಂಬಳಿ ಇಟ್ಟೆ. ಆದರೂ ಕ್ಲಚ್ಚು ಪೂರ್ತಿ ಕೆಳಗಿಳಿಯಲಿಲ್ಲ. ಗೇರು ಕರ್ರೆಂದು ಕೂಗಿತು. ಕಾರು ಎರಡು ಸಲ ಕುಪ್ಪಳಿಸಿ ನಿಂತಿತು. ಹತ್ತಿರದ ಕುರಿಗಳೆಲ್ಲ ತಲೆ ಎತ್ತಿ ನಮ್ಮನ್ನೇ ನೋಡಿದವು.

ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಅವಳು ಅಂದಳು, "ಇದಕ್ಕಿಂತ ಮಗ್ಗ ತುಳಿಯೋದು ಎಷ್ಟೋ ವಾಸಿ ಕಣ್ರಿ. ನೀವೇ ಓಡಿಸ್ರಿ."

ಮತ್ತೆ ಕೇಳಲಿಲ್ಲ. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ದಾವಣಗೆರೆಗೆ ಹೋದಳು. ಅಷ್ಟೂ ವರ್ಷ ಹೆಂಡತಿ ಎಡಗಡೆ ಕುಳಿತಳು, ನಾನು ಬಲಗಡೆ.

ಹೊಸ ಕಾರು ಮಗಳ ಹಟಕ್ಕೆ ಬಂದದ್ದು. ಕ್ಲಚ್ಚಿಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಮೊದಲ ದಿನವೇ ನಾನೂ ಗೆಳೆಯನೂ ಬಾನೆಟ್ ಎತ್ತಿ ನೋಡಿದೆವು. ಒಳಗೆ ಎಲ್ಲವನ್ನೂ ಕಪ್ಪು ಪ್ಲಾಸ್ಟಿಕ್ ಮುಚ್ಚಿತ್ತು.

"ಇಂಜಿನ್ನಿಗೂ ಬುರ್ಖಾ ಹಾಕವ್ರೆ ನೋಡಲೇ," ಎಂದು ಗೆಳೆಯ ನಕ್ಕ. "ಇದನ್ನ ರಿಪೇರಿ ಮಾಡಾಕೆ ಪಾನಾ ಬೇಡ, ಕಂಪ್ಯೂಟರ್ ಬೇಕು."

ನನಗೂ ಹಿಡಿಸಲಿಲ್ಲ. ಬೆಲ್ಟು ಹಾಕದಿದ್ದರೆ ಕಿಚಕಿಚ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕಿಚಕಿಚ. ಗಾಜು ಏರಿಸಿಕೊಂಡು ಕಾವಲಿನ ಪಕ್ಕ ಹೋದರೆ, ಮೊದಲ ಮಳೆ ಬಿದ್ದ ಹುಲ್ಲಿನ ವಾಸನೆ ಹೊರಗೇ ಉಳಿಯುತ್ತದೆ. ಇಬ್ಬರ ನಡುವೆ ಬಾಟಲಿ ಇಡುವ ಗೂಡುಗಳದೊಂದು ಗೋಡೆ. ಆದರೆ ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಆ ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗ ಬೇಡವೆಂದರೆ ಸುಳ್ಳಾಗುತ್ತದೆ. ಬ್ರೇಕಿನ ವಿಷಯದಲ್ಲೂ ಅಷ್ಟೇ. ಹಳೆಯದರಲ್ಲಿ ನಿಲ್ಲಿಸಬೇಕೆಂಬ ಯೋಚನೆ ಒಂದು ಫರ್ಲಾಂಗ್ ಮುಂಚೆಯೇ ಬರಬೇಕಿತ್ತು.

ಹೆಂಡತಿ ಒಂದು ಬೆಳಿಗ್ಗೆ ಸುಮ್ಮನೆ ಬಲಗಡೆಯ ಬಾಗಿಲು ತೆಗೆದು ಕುಳಿತಳು. ಸೀಟಿನ ಪಕ್ಕದ ಗುಂಡಿ ಒತ್ತಿದಳು. ಸೀಟು ಮೇಲೆದ್ದಿತು. ಇನ್ನೊಂದು ಒತ್ತಿದಳು, ಮುಂದೆ ಸರಿಯಿತು. ಕಾಲು ನೀಡಿ ಎರಡೂ ಪೆಡಲ್ಲುಗಳನ್ನು ಮುಟ್ಟಿ ನೋಡಿದಳು.

"ರೀ, ಎಟುಕ್ತೈತೆ," ಎಂದಳು.

ಮತ್ತೆ ಅದೇ ಕಾವಲಿನ ಕಡೆಗೆ ಹೋದೆವು. ಈಗ ಅಲ್ಲಿ ಸಂಶೋಧನೆಯ ಸಂಸ್ಥೆಗಳು ಬಂದಿವೆ, ಉದ್ದಕ್ಕೂ ಕಾಂಪೌಂಡು. ಅದರ ಪಕ್ಕದ ಹೊಸ ರಸ್ತೆ ಬೆಳಿಗ್ಗೆ ಖಾಲಿ. ನಾನು ಬಾಯಿ ಹಾಕಬಾರದೆಂದು ಅವಳು ಗೆಳೆಯನನ್ನು ತನ್ನ ಪಕ್ಕ ಕೂರಿಸಿ ನನ್ನನ್ನು ಹಿಂದಿನ ಸೀಟಿಗೆ ಕಳಿಸಿದಳು. "ಭಾಬಿ, ನಿಧಾನ. ರಸ್ತೆ ಎಲ್ಲೂ ಓಡಿ ಹೋಗಲ್ಲ," ಎನ್ನುತ್ತಿದ್ದ ಅವನು. ಕುರಿ ಅಡ್ಡ ಬಂದರೆ ಅವಳು ಹಾರನ್ ಹೊಡೆಯುತ್ತಿರಲಿಲ್ಲ. ಕೊನೆಯ ಮರಿ ದಾಟುವ ತನಕ ಕಾಯುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಲೈಸೆನ್ಸು ಬಂತು. ಆದರೂ ಊರು ಬಿಟ್ಟು ಹೊರಗೆ ಓಡಿಸಿರಲಿಲ್ಲ.

ಅದಕ್ಕೆ ಸಮಯ ನನ್ನ ಕಣ್ಣಿನ ದೆಸೆಯಿಂದ ಬಂತು. ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡಿದ್ದೆ. ಸದ್ಯಕ್ಕೆ ಸ್ಟೇರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಅದೇ ವಾರ ಮೊಳಕಾಲ್ಮೂರಿನಲ್ಲಿ ಅವಳ ಅಣ್ಣನ ಮಗಳ ಸೀಮಂತ. ಬಸ್ಸಿಗೆ ಹೋಗೋಣವೆಂದೆ.

"ಕಾರು ಮನೆ ಮುಂದೆ ನಿಂತೈತೆ. ಬಸ್ಸು ಯಾಕೆ?" ಎಂದಳು. ಬೀಗದ ಕೈ ಆಗಲೇ ಅವಳ ಕೈಯಲ್ಲಿತ್ತು.

ಆ ದಾರಿಯಲ್ಲಿ ಎಡಗಡೆ ಕುಳಿತದ್ದು ನನಗೆ ಅದೇ ಮೊದಲು. ಲಾರಿ ಎದುರಾದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅವಳು ಅದನ್ನು ನೋಡಿಯೂ ನೋಡದಂತಿದ್ದಳು. ತಳಕು ದಾಟಿದ ಮೇಲೆ ಅವಳ ಭುಜ ಸಡಿಲವಾಯಿತು. ನಾನೂ ರಸ್ತೆಯನ್ನು ಬಿಟ್ಟು ಹೊಲಗಳನ್ನು ನೋಡತೊಡಗಿದೆ. ಎಷ್ಟೋ ವರ್ಷ ಓಡಾಡಿದ ದಾರಿಯಲ್ಲಿ ಅಷ್ಟೊಂದು ಹುಣಸೆ ಮರಗಳಿವೆ ಎಂದು ಗೊತ್ತೇ ಇರಲಿಲ್ಲ. ಇಷ್ಟು ದಿನ ಇದನ್ನೆಲ್ಲ ಇವಳೊಬ್ಬಳೇ ನೋಡಿದ್ದಾಳೆ ಅನಿಸಿತು.

ಮನೆಯ ಮುಂದೆ ಕಾರು ನಿಂತಾಗ ಅವಳ ಅಣ್ಣ ರೂಢಿಯಂತೆ ಬಲಗಡೆಗೆ ಬಂದು, "ಬರ್ರಿ ಬಾವ" ಎನ್ನುತ್ತಾ ಬಾಗಿಲು ತೆಗೆದ. ಒಳಗೆ ತಂಗಿ. ಬಗ್ಗಿ ಅವಳನ್ನೂ ಪಕ್ಕದಲ್ಲಿದ್ದ ನನ್ನನ್ನೂ ನೋಡಿದ. ಆಮೇಲೆ ಮನೆಮಾತಾದ ತೆಲುಗಿನಲ್ಲಿ, "ನುವ್ವೇ ತೋಲ್ಕೊನಿ ವಚ್ಚಿನಾವಾ?" ಎಂದ. ನೀನೇ ಓಡಿಸಿಕೊಂಡು ಬಂದೆಯಾ ಎಂದು. ಒಳಗಿನ ಮಗ್ಗದ ಸದ್ದು ನಿಂತು, ಹೆಂಗಸರೆಲ್ಲ ಬಾಗಿಲಿಗೆ ಬಂದರು. ಬಸುರಿಯೂ ಹಸಿರು ಬಳೆಗಳ ಸದ್ದು ಮಾಡುತ್ತಾ ಬಂದು, "ಅತ್ತೆ, ನನ್ನ ಒಂದು ರೌಂಡ್ ಕರ್ಕೊಂಡು ಹೋಗ್ತೀಯಾ?" ಎಂದಳು. ಆರತಿಗೆ ಮುಂಚೆ ಅವರು ಪೇಟೆ ಸುತ್ತಿ ಬಂದರು. ನನ್ನನ್ನು ಯಾರೂ ಕರೆಯಲಿಲ್ಲ.

ಮರುದಿನ ಊರಿಗೆ ಹೊರಟಾಗ ಅವಳು ಜಟಿಂಗ ರಾಮೇಶ್ವರಕ್ಕೆ ಹೋಗಿ ಬರೋಣವೆಂದಳು. ನಾನು ಬೆಟ್ಟದ ಬುಡದಲ್ಲೇ ನೆರಳಿನಲ್ಲಿ ಕುಳಿತೆ, ಅವಳು ಹತ್ತಿ ದರ್ಶನ ಮಾಡಿ ಬಂದಳು. ಜೊತೆಗೆ ಇಳಿದು ಬಂದ ಇಬ್ಬರು ವಯಸ್ಸಾದ ಹೆಂಗಸರು ನನ್ನನ್ನು ಕೇಳಿದರು, "ರಾಂಪುರದ ತನಕ ಬಿಡ್ತೀರೇನ್ರಿ?"

"ಡ್ರೈವರ್ ಅವರು. ಅವರನ್ನ ಕೇಳ್ರಿ," ಎಂದೆ.

ಇಬ್ಬರೂ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅವಳು ಹಿಂದಿನ ಬಾಗಿಲು ತೆಗೆದಳು. ರಾಂಪುರದಲ್ಲಿ ಇಳಿಯುವಾಗ ಒಬ್ಬಾಕೆ ಪ್ರಸಾದದ ತೆಂಗಿನ ಹೋಳನ್ನು ನನ್ನ ಕೈಯಲ್ಲಿಟ್ಟು, "ಆಯಮ್ಮನಿಗೆ ಕೊಡಪ್ಪ," ಎಂದಳು.

ಹೆದ್ದಾರಿಗೆ ಬಂದ ಮೇಲೆ ಒಂದು ಚೂರು ಮುರಿದು ಅವಳ ಕಡೆ ಚಾಚಿದೆ.

"ಎರಡೂ ಕೈ ಸ್ಟೇರಿಂಗ್ ಮೇಲೈದಾವೆ ಕಣ್ರಿ," ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ. "ಬಾಯಿಗೇ ಹಾಕ್ರಿ."

ಹಾಕಿದೆ.